ಎಲೆ ಹಳದಿಯಾದರೆ ಮೊದಲು ಏನು ನೋಡಬೇಕು: ಹೈಡ್ರೋಪೋನಿಕ್ಸ್‌ನಲ್ಲಿ ಬಣ್ಣಗೆಟ್ಟ ಎಲೆ ಮತ್ತು ಪಿಎಚ್

ತಾರಸಿಯ ಮೇಲೆ ಮಣ್ಣಿಲ್ಲದೆ, ಗೊಬ್ಬರ ಕರಗಿಸಿದ ನೀರಿನಲ್ಲಿ (ಇದೇ ಹೈಡ್ರೋಪೋನಿಕ್ಸ್) ಪೈಪಿನಲ್ಲೋ ಡಬ್ಬದಲ್ಲೋ ಬೆಳೆದ ಲೆಟ್ಯೂಸ್, ಪಾಲಕ್, ಬೇಸಿಲ್ ಎಲೆ ಹಳದಿಗೆ ತಿರುಗಿದರೆ ಕೈ ಮೊದಲು ಹೋಗುವುದು ಗೊಬ್ಬರದ ಬಾಟಲಿಗೆ. ಬೆಂಗಳೂರು, ಕೋಲಾರ, ತುಮಕೂರಿನ ಕಡೆ ಕೊಳವೆಬಾವಿ ನೀರಿನಲ್ಲಿ ಬೆಳೆಯುವವರಿಗೆ ಇದು ಬಹುಪಾಲು ತಪ್ಪು ಮದ್ದು. ಗಿಡಕ್ಕೆ ಬೇಕಾದ ಪೋಷಕಾಂಶ ಟ್ಯಾಂಕಿನಲ್ಲೇ ಇರುತ್ತದೆ. ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ, ಏಳಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) ಏರಿರುವುದರಿಂದ ಬೇರು ಅದನ್ನು ಎಳೆದುಕೊಳ್ಳಲಾಗದೆ ಕೂತಿರುತ್ತದೆ. ಅದರ ಮೇಲೆ ಇನ್ನಷ್ಟು ಗೊಬ್ಬರ ಸುರಿದರೆ ನೀರಿನ ಉಪ್ಪು ಹೆಚ್ಚಾಗಿ ಎಲೆಯ ಅಂಚೂ ಸುಡುತ್ತದೆ. ಆಗ ಒಂದು ಕಾಯಿಲೆ ಎರಡಾಗುತ್ತದೆ.

ಅದಕ್ಕೇ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ಎಲೆ, ಆಮೇಲೆ ಬೇರು, ಆಮೇಲೆ ಮೀಟರ್, ಕೊನೆಗೆ ನೀರಿನ ಮೂಲ. ಇವು ನಾಲ್ಕನ್ನೂ ನೋಡುವ ತನಕ ಟ್ಯಾಂಕಿಗೆ ಏನನ್ನೂ ಹಾಕಬೇಡಿ. ಎಲೆ, ಬೇರು ನೋಡಲು ಹದಿನೈದು ನಿಮಿಷ ಸಾಕು, ನೀರಿನ ಪರೀಕ್ಷೆಗೆ ಒಂದು ರಾತ್ರಿ ಬೇಕು.

ಹಳೆ ಎಲೆಯೋ, ಎಳೆ ಎಲೆಯೋ?

ಬಣ್ಣ ಯಾವುದು ಎನ್ನುವುದಕ್ಕಿಂತ ಬಣ್ಣ ಕೆಟ್ಟದ್ದು ಗಿಡದ ಯಾವ ಭಾಗದಲ್ಲಿ ಎನ್ನುವುದು ಹೆಚ್ಚು ಹೇಳುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂ ಇವು ಗಿಡದೊಳಗೆ ಓಡಾಡಬಲ್ಲವು. ಕೊರತೆ ಬಂದರೆ ಗಿಡ ಬುಡದ ಹಳೆ ಎಲೆಯಿಂದ ಕಿತ್ತು ಸುಳಿಗೆ ಕಳಿಸುತ್ತದೆ. ಹಾಗಾಗಿ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್, ಮ್ಯಾಂಗನೀಸ್ ಒಮ್ಮೆ ಎಲೆಯಲ್ಲಿ ಕೂತರೆ ಅಲ್ಲಿಂದ ಕದಲುವುದು ಕಷ್ಟ. ಇವು ಸಿಗದಿದ್ದರೆ ಹೊಸದಾಗಿ ಬರುವ ಎಲೆಯೇ ನರಳುತ್ತದೆ, ಬುಡದ ಎಲೆ ಕಡುಹಸಿರಾಗಿಯೇ ಇರುತ್ತದೆ.

ಹಳೆ ಎಲೆ ಪೂರ್ತಿ, ನರಗಳೂ ಸೇರಿ, ಒಂದೇ ಸಮ ತಿಳಿಹಳದಿಯಾಗಿದ್ದರೆ ಸಾರಜನಕದ ಕೊರತೆ. ಗಿಡವೇ ಪೇಲವವಾಗಿ, ಬೆಳವಣಿಗೆ ನಿಂತಂತೆ ಕಾಣುತ್ತದೆ. ಹಳೆ ಎಲೆಯಲ್ಲಿ ನರ ಹಸಿರಾಗಿ ಉಳಿದು ನರಗಳ ನಡುವೆ ಹಳದಿ ಹರಡಿದ್ದರೆ ಮೆಗ್ನೀಷಿಯಂ. ಟೊಮೆಟೊ ಮತ್ತು ಬೇಸಿಲ್‌ನಲ್ಲಿ ಇದು ಢಾಳಾಗಿ ಕಾಣುತ್ತದೆ. ಹಳೆ ಎಲೆಯ ಅಂಚು ಮೊದಲು ಹಳದಿಯಾಗಿ ಆಮೇಲೆ ಸುಟ್ಟ ಕಾಗದದಂತೆ ಕಂದಾದರೆ ಪೊಟ್ಯಾಷ್. ಎಲೆ ಮಂಕಾದ ಕಡುಹಸಿರಾಗಿ ಕೆಳಮೈ ಮತ್ತು ತೊಟ್ಟು ನೇರಳೆಗೆ ತಿರುಗಿದರೆ ರಂಜಕ. ಚಳಿಗಾಲದ ಮುಂಜಾವು ನೀರು ತಣ್ಣಗಾಗಿ ಬೇರು ರಂಜಕ ಹೀರದೆಯೂ ಹೀಗಾಗುತ್ತದೆ. ಕೆಂಪು ತಳಿಯ ಲೆಟ್ಯೂಸ್‌ನಲ್ಲಿ ಮಾತ್ರ ಈ ಗುರುತನ್ನು ನಂಬಬೇಡಿ, ಅದರ ಬಣ್ಣವೇ ಹಾಗೆ.

ಲೆಟ್ಯೂಸ್‌ನ ಒಳಗಿನ ಎಳೆ ಎಲೆಯ ತುದಿ ಕಂದಾಗಿ ಕರಟುವುದು ಬೇರೆಯೇ ಸಂಗತಿ. ಇದಕ್ಕೆ ಟಿಪ್ ಬರ್ನ್ ಅನ್ನುತ್ತಾರೆ. ಕಾರಣ ಕ್ಯಾಲ್ಸಿಯಂ, ಆದರೆ ಟ್ಯಾಂಕಿನಲ್ಲಿ ಕ್ಯಾಲ್ಸಿಯಂ ಸಾಕಷ್ಟು ಇದ್ದಾಗಲೂ ಆಗುತ್ತದೆ. ಕ್ಯಾಲ್ಸಿಯಂ ಮೇಲಕ್ಕೆ ಹೋಗುವುದು ಎಲೆ ಬೆವರುವ ನೀರಿನ ಜೊತೆಗೆ. ಒಳಗಿನ ಮುಚ್ಚಿದ ಎಲೆ ಬೆವರುವುದಿಲ್ಲ, ಗಾಳಿ ಆಡದ ಪಾಲಿಹೌಸಿನಲ್ಲಿ ಇನ್ನೂ ಕಡಿಮೆ. ಅದಕ್ಕೆ ಮದ್ದು ಒಂದು ಫ್ಯಾನ್. ಗಿಡದ ಮೇಲೆ ನೇರ ಗಾಳಿ ಬೀಳುವ ಹಾಗೆ ಇಡಿ, ಇಸಿಯನ್ನು (ನೀರಿನಲ್ಲಿ ಕರಗಿರುವ ಉಪ್ಪು, ಗೊಬ್ಬರದ ಅಳತೆ) 0.2ರಿಂದ 0.3 ಇಳಿಸಿ, ಕಟಾವು ಒಂದು ವಾರ ಮುಂದೂಡುವ ಆಸೆ ಬಿಡಿ.

ಕಬ್ಬಿಣದ ಕೊರತೆಯನ್ನು ಹತ್ತಿರದಿಂದ ನೋಡಿ

ಗಡಸು ನೀರಿನ ಊರಿನಲ್ಲಿ ಹತ್ತಕ್ಕೆ ಏಳೆಂಟು ಸಲ ಎದುರಾಗುವುದು ಇದೇ. ಬೇಸಿಲ್ ಗಿಡದ ಸುಳಿಯಿಂದ ಒಂದು ಎಳೆ ಎಲೆ ಕಿತ್ತು ಬೆಳಕಿಗೆ ಹಿಡಿಯಿರಿ. ಎಲೆಯ ಮೈ ನಿಂಬೆಹಣ್ಣಿನ ಸಿಪ್ಪೆಯ ಹಳದಿ. ತೀರಾ ಕೆಟ್ಟಿದ್ದರೆ ಹಾಲಿನ ಕೆನೆಯಂತೆ ಬಿಳಿ. ಅದರ ಮೇಲೆ ನಡುನರ, ಪಕ್ಕದ ನರ, ಅದಕ್ಕೂ ಸಣ್ಣ ನರ ಎಲ್ಲ ಹಸಿರು ದಾರದ ಬಲೆಯಂತೆ ಸ್ಪಷ್ಟವಾಗಿ ಕಾಣುತ್ತವೆ. ಎಲೆ ಮುರುಟಿರುವುದಿಲ್ಲ, ಚುಕ್ಕೆ ಇರುವುದಿಲ್ಲ. ಇಂಥ ಎಲೆ ಸುಳಿಯಲ್ಲಿದ್ದು ಬುಡದ ಎಲೆ ಚೆನ್ನಾಗಿದ್ದರೆ ಕಬ್ಬಿಣ ಎಂದು ಧೈರ್ಯವಾಗಿ ಹೇಳಬಹುದು. ಬಲೆಯ ಬದಲು ನರದ ಸುತ್ತ ದಪ್ಪ ಹಸಿರು ಪಟ್ಟಿ ಉಳಿದು, ನಡುವೆ ಸಣ್ಣ ಕಂದು ಚುಕ್ಕೆ ಬಂದಿದ್ದರೆ ಮ್ಯಾಂಗನೀಸ್ ಇರಬಹುದು. ಎರಡಕ್ಕೂ ಮೂಲ ಸಾಮಾನ್ಯವಾಗಿ ಒಂದೇ, ಏರಿದ ಪಿಎಚ್.

ಅನುಮಾನ ಇದ್ದರೆ ಗಿಡವನ್ನೇ ಕೇಳುವ ವಿಧಾನ ಇದೆ. ಒಂದು ಲೀಟರ್ ನೀರಿಗೆ ಅರ್ಧ ಗ್ರಾಂ ಕಬ್ಬಿಣದ ಇಡಿಟಿಎ (ಕಬ್ಬಿಣವನ್ನು ನೀರಿನಲ್ಲಿ ಕರಗಿದಂತೆಯೇ ಹಿಡಿದಿಡುವ ಒಂದು ಬಗೆಯ ಚೀಲೇಟ್) ಕರಗಿಸಿ, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ. ಸಣ್ಣ ಬ್ರಷ್ಷಿನಿಂದ ಒಂದು ಹಳದಿ ಎಳೆ ಎಲೆಯ ನಡುನರದ ಒಂದು ಪಕ್ಕಕ್ಕೆ ಮಾತ್ರ ಸಂಜೆ ಹೊತ್ತು ಬಳಿಯಿರಿ, ಇನ್ನೊಂದು ಪಕ್ಕ ಬಿಡಿ. ನಾಲ್ಕೈದು ದಿನದಲ್ಲಿ ಬಳಿದ ಕಡೆ ಹಸಿರು ಚುಕ್ಕೆ ಮೂಡಿ ಹರಡಿದರೆ ಕಬ್ಬಿಣವೇ. ಏನೂ ಆಗದಿದ್ದರೆ ಬೇರೆ ಕಾರಣ ಹುಡುಕಿ. ಮೆಗ್ನೀಷಿಯಂಗೂ ಇದೇ ಪರೀಕ್ಷೆ ಮಾಡಬಹುದು, ಲೀಟರಿಗೆ 5 ಗ್ರಾಂ ಎಪ್ಸಮ್ ಸಾಲ್ಟ್ ಹಾಕಿ ಹಳೆ ಎಲೆಗೆ ಬಳಿಯಿರಿ.

ಕೊರತೆಯೇ ಅಲ್ಲದ ಹಳದಿ

ಎಲೆ ತಿರುಗಿಸಿ ನೋಡದೆ ಪೋಷಕಾಂಶದ ಲೆಕ್ಕಕ್ಕೆ ಹೋಗಬೇಡಿ. ಸೂಜಿಯಲ್ಲಿ ಚುಚ್ಚಿದಂತೆ ಸಣ್ಣ ಬಿಳಿ ಚುಕ್ಕೆ, ಕೆಳಮೈಯಲ್ಲಿ ತೆಳುವಾದ ಬಲೆ ಇದ್ದರೆ ಕೆಂಪು ನುಸಿ. ಬೆಳ್ಳಿಯಂತೆ ಹೊಳೆಯುವ ಗೀರು, ಪಕ್ಕದಲ್ಲಿ ಕರಿ ಚುಕ್ಕೆ ಇದ್ದರೆ ಥ್ರಿಪ್ಸ್. ಬಿಳಿ ಕಾಗದ ಹಿಡಿದು ಅದರ ಮೇಲೆ ಗಿಡ ತಟ್ಟಿದರೆ ಓಡಾಡುವ ಚುಕ್ಕೆಗಳು ಕಣ್ಣಿಗೆ ಬೀಳುತ್ತವೆ. ಪೋಷಕಾಂಶದ ಕೊರತೆ ಎಲೆಯ ಎರಡೂ ಪಕ್ಕ ಸರಿಸಮನಾಗಿ ಕಾಣುತ್ತದೆ. ಕೀಟದ ಕೆಲಸ ಅಡ್ಡಾದಿಡ್ಡಿ.

ಏಪ್ರಿಲ್ ಬಿಸಿಲಿಗೆ ಮೇಲ್ಮುಖದ ಎಲೆ ಮಾತ್ರ ಬಿಳಿಚಿಕೊಂಡು, ನೆರಳಲ್ಲಿರುವ ಎಲೆ ಸರಿಯಾಗಿದ್ದರೆ ಅದು ಬಿಸಿಲಿನ ಸುಡು. 50 ಶೇಕಡಾ ನೆರಳು ಬಲೆ ಹಾಕಿ. ಎಲೆಯ ತುದಿ ಮತ್ತು ಅಂಚು ಎಲ್ಲ ವಯಸ್ಸಿನ ಎಲೆಯಲ್ಲೂ ಒಟ್ಟಿಗೆ ಒಣಗಿ, ಗಿಡ ಕುಳ್ಳಾಗಿ ಕಪ್ಪು ಹಸಿರಾಗಿದ್ದರೆ ಉಪ್ಪು ಹೆಚ್ಚಾಗಿದೆ. ಅಲ್ಲಿಗೆ ಬೇಕಿರುವುದು ಬರೀ ನೀರು.

ಬೇರನ್ನು ಹೊರಗೆಳೆಯಿರಿ

ನೆಟ್ ಪಾಟ್ (ಗಿಡ ಕೂತಿರುವ ತೂತು ತೂತಿನ ಕುಂಡ) ಎತ್ತಿ ಬೇರು ನೋಡಿ. ಆರೋಗ್ಯದ ಬೇರು ಬಿಳಿಯಾಗಿ ಅಥವಾ ಕೆನೆಬಣ್ಣಕ್ಕಿದ್ದು ತುದಿ ಹೊಸದಾಗಿ ಹೊಳೆಯುತ್ತಿರುತ್ತದೆ. ಗೊಬ್ಬರದ ಬಣ್ಣ ಹತ್ತಿ ಸ್ವಲ್ಪ ಕಂದಾಗಿರುವುದು ಭಯಪಡುವಂಥದ್ದಲ್ಲ. ಬೇರಿನ ಒಂದು ಎಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆಯಿರಿ. ಹೊರಸಿಪ್ಪೆ ಕಾಲುಚೀಲದಂತೆ ಕಳಚಿ ಬಂದು ಒಳಗೆ ಬರೀ ದಾರ ಉಳಿದರೆ ಅದು ಪಿಥಿಯಂ ಎಂಬ ಶಿಲೀಂಧ್ರದಂಥ ಜೀವಿ ತರುವ ಕೊಳೆ. ಲೋಳೆ ಕೈಗೆ ಹತ್ತುತ್ತದೆ, ನಿಂತ ಚರಂಡಿಯ ವಾಸನೆ ಬರುತ್ತದೆ. ಇಂಥ ಗಿಡ ನೀರಿನಲ್ಲೇ ನಿಂತಿದ್ದರೂ ಮಧ್ಯಾಹ್ನ ಬಾಡುತ್ತದೆ. ಎಲೆಯಲ್ಲಿ ಸಾರಜನಕ, ಕಬ್ಬಿಣ, ಪೊಟ್ಯಾಷ್ ಎಲ್ಲದರ ಕೊರತೆಯೂ ಕಲಸಿಕೊಂಡಂತೆ ಕಾಣುತ್ತದೆ. ಪಿಎಚ್ ಎಷ್ಟೇ ಸರಿಮಾಡಿದರೂ ಈ ಗಿಡ ಏಳುವುದಿಲ್ಲ, ಏಕೆಂದರೆ ಹೀರಲು ಬೇರೇ ಇಲ್ಲ.

ಕೊಳೆಗೆ ದಾರಿ ಮಾಡಿಕೊಡುವುದು ಬಿಸಿ ನೀರು. 20 ಡಿಗ್ರಿಯ ನೀರಿನಲ್ಲಿ ಕರಗಬಲ್ಲ ಆಮ್ಲಜನಕ ಲೀಟರಿಗೆ ಸುಮಾರು 9 ಮಿಲಿಗ್ರಾಂ. 30 ಡಿಗ್ರಿಗೆ ಏಳೂವರೆಗೆ ಇಳಿಯುತ್ತದೆ. ಅದೇ ಹೊತ್ತಿಗೆ ಬೇರಿನ ಉಸಿರಾಟದ ಬೇಡಿಕೆ ಹೆಚ್ಚುತ್ತದೆ. ಟ್ಯಾಂಕಿನ ನೀರು 18ರಿಂದ 24 ಡಿಗ್ರಿಯೊಳಗೆ ಇರಲಿ. ತಾರಸಿಯ ಮೇಲೆ ಕರಿ ಡ್ರಮ್ ಇಟ್ಟರೆ ಬೇಸಿಗೆಯಲ್ಲಿ ಇದು ಆಗದ ಮಾತು. ಡ್ರಮ್ಮಿಗೆ ಬಿಳಿ ಬಣ್ಣ ಬಳಿದು, ಒದ್ದೆ ಗೋಣಿಚೀಲ ಸುತ್ತಿ, ನೆರಳಿಗೆ ಸರಿಸಿ. ಗಾಳಿ ಪಂಪು ಹಗಲು ರಾತ್ರಿ ನಡೆಯಲಿ. 50 ಲೀಟರಿನ ಟ್ಯಾಂಕಿಗೆ ಮಧ್ಯಾಹ್ನ ಹನ್ನೆರಡಕ್ಕೆ ಫ್ರೀಜರಿನಲ್ಲಿ ಗಟ್ಟಿಯಾದ ಎರಡು ಲೀಟರಿನ ಎರಡು ಬಾಟಲಿ ಇಳಿಬಿಟ್ಟರೆ ಐದಾರು ಡಿಗ್ರಿ ತಗ್ಗುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಮೇ ತಿಂಗಳಲ್ಲಿ ಚಿಲ್ಲರ್ ಇಲ್ಲದೆ ಲೆಟ್ಯೂಸ್ ಹಟ ಬೇಡ. ಬಸಳೆ, ಹರಿವೆ ಹಾಕಿದರೆ ನೆಮ್ಮದಿ.

ಮೀಟರ್ ಸುಳ್ಳು ಹೇಳುತ್ತಿಲ್ಲ ತಾನೆ?

ಪೆನ್ನಿನಂಥ ಅಗ್ಗದ ಪಿಎಚ್ ಮೀಟರ್ ಕೆಲಸಕ್ಕೆ ಸಾಕು. ಆದರೆ ಅದನ್ನು ಸರಿಹೊಂದಿಸದೆ ಬಳಸಿದರೆ ಇಲ್ಲದ ರೋಗಕ್ಕೆ ಮದ್ದು ಮಾಡಿದಂತೆ. ಜೊತೆಗೆ ಬರುವ 6.86 ಮತ್ತು 4.01ರ ಬಫರ್ ಪುಡಿಯನ್ನು (ಕರಗಿಸಿದರೆ ನಿಖರವಾಗಿ ಆ ಪಿಎಚ್ ಕೊಡುವ ಪುಡಿ), ಪ್ಯಾಕೆಟ್ಟಿನ ಮೇಲೆ ಬರೆದಷ್ಟು (ಸಾಮಾನ್ಯವಾಗಿ 250 ಮಿ.ಲೀ.) ಡಿಸ್ಟಿಲ್ಡ್ ವಾಟರಿನಲ್ಲಿ ಬೇರೆ ಬೇರೆ ಬಾಟಲಿಗಳಲ್ಲಿ ಕರಗಿಸಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗುತ್ತದೆ, ನಲ್ಲಿ ನೀರು ಆಗದು. ಮೀಟರಿನ ತುದಿಯಲ್ಲಿರುವ ಗಾಜಿನ ಗುಂಡಿಯನ್ನು ತೊಳೆದು 6.86ರಲ್ಲಿ ಅದ್ದಿ, ಅಂಕಿ ನಿಂತ ಮೇಲೆ ಹೊಂದಿಸಿ. ಮತ್ತೆ ತೊಳೆದು 4.01ರಲ್ಲಿ ಹೊಂದಿಸಿ. ಗುಂಡಿಯನ್ನು ಉಜ್ಜಬೇಡಿ, ಟಿಶ್ಯೂ ಕಾಗದದಲ್ಲಿ ಒತ್ತಿ ನೀರು ಹೀರಿಸಿ. 4.01ರಲ್ಲಿ ಅದ್ದಿದಾಗ 4.4, 4.5 ತೋರಿಸಿ ಅಲ್ಲೇ ಕೂತರೆ ಗುಂಡಿಯ ಮೇಲೆ ಸುಣ್ಣ ಕಟ್ಟಿರಬಹುದು. ಬಿಳಿ ವಿನೆಗರಿನಲ್ಲಿ ಹತ್ತು ನಿಮಿಷ ನೆನೆಸಿ, ತೊಳೆದು ಮತ್ತೆ ನೋಡಿ. ಆಗಲೂ ಜಗ್ಗದಿದ್ದರೆ ಗುಂಡಿಯ ಆಯಸ್ಸು ಮುಗಿದಿದೆ. ಒಂದೆರಡು ವರ್ಷವೇ ಅದರ ಬಾಳಿಕೆ.

ಬಳಸದೆ ಇಡುವಾಗ ಮುಚ್ಚಳದೊಳಗೆ ಪೊಟ್ಯಾಸಿಯಂ ಕ್ಲೋರೈಡ್ ಶೇಖರಣಾ ದ್ರಾವಣ ನಾಲ್ಕು ಹನಿ ಇರಲಿ. ಒಣಗಿದರೆ ಗುಂಡಿ ಕೆಡುತ್ತದೆ, ಡಿಸ್ಟಿಲ್ಡ್ ವಾಟರಿನಲ್ಲಿ ಇಟ್ಟರೂ ಕೆಡುತ್ತದೆ. ವಾರಕ್ಕೊಮ್ಮೆ ಬಫರಿನಲ್ಲಿ ಅದ್ದಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಹನಿ ಕಿಟ್‌ಗಳಲ್ಲಿ 6.0ಕ್ಕಿಂತ ಕೆಳಗೆ ತೋರಿಸದ ಬಗೆಯೇ ಹೆಚ್ಚು. ಅವು ನಮ್ಮ ಕೆಲಸಕ್ಕೆ ಬಾರವು, 5.0 ಆದರೂ 6.0 ಆದರೂ ಅದೇ ಹಳದಿ.

ಇಸಿ ಮೀಟರಿನಲ್ಲಿ ಒಂದು ಗೊಂದಲ ಇದೆ. ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಭಾಗ) ತೋರಿಸುವ ಮೀಟರುಗಳಲ್ಲಿ ಕೆಲವು 1.0 ಇಸಿಯನ್ನು 500 ಪಿಪಿಎಂ ಅನ್ನುತ್ತವೆ, ಕೆಲವು 700 ಅನ್ನುತ್ತವೆ. ಒಬ್ಬರು ಹೇಳಿದ 1000 ಪಿಪಿಎಂ ಇನ್ನೊಬ್ಬರ ಟ್ಯಾಂಕಿನಲ್ಲಿ ಬೇರೆಯೇ ಆಗುವುದು ಇದರಿಂದ. ಇಸಿಯಲ್ಲೇ ಮಾತಾಡಿ. ಲೆಟ್ಯೂಸಿಗೆ 1.2ರಿಂದ 1.8, ಬೇಸಿಲ್‌ಗೆ 1.0ರಿಂದ 1.6, ಪಾಲಕ್‌ಗೆ 1.8ರಿಂದ 2.3, ಕಾಯಿ ಬಿಡುವ ಟೊಮೆಟೊಗೆ 2.0ರಿಂದ 3.5. ಪಿಎಚ್ ಇವೆಲ್ಲಕ್ಕೂ 5.6ರಿಂದ 6.3ರ ನಡುವೆ ಇದ್ದರೆ ಸರಿ.

ಬೇರು ಗೊಬ್ಬರದ ಬಾಟಲಿಯ ಮೇಲಿನ ಲೆಕ್ಕ ಓದುವುದಿಲ್ಲ, ನೀರಲ್ಲಿ ಮೊದಲೇ ಏನಿತ್ತೋ ಅದನ್ನೂ ಸೇರಿಸಿಕೊಂಡೇ ಉಣ್ಣುತ್ತದೆ. ಖಾಲಿ ನೀರಿನ ಇಸಿಯನ್ನು ಮೊದಲು ಅಳೆದು ಗೋಡೆಗೆ ಬರೆದಿಡಿ. ನಿಮ್ಮ ಬೋರ್‌ವೆಲ್ ನೀರೇ 0.9 ಇದ್ದರೆ, 1.6 ತೋರಿಸುವ ಟ್ಯಾಂಕಿನಲ್ಲಿ ಗೊಬ್ಬರ ಇರುವುದು 0.7ರಷ್ಟು ಮಾತ್ರ. ಮೀಟರ್ ಪ್ರಕಾರ ಹೊಟ್ಟೆ ತುಂಬಿದ ಗಿಡ ಸಾರಜನಕದ ಹಸಿವಿನಿಂದ ಹಳದಿಯಾಗುವುದು ಹೀಗೆ.

ಪಿಎಚ್ ಇಳಿಸಿದರೂ ಮರುದಿನ ಏರುವುದೇಕೆ?

ಇದಕ್ಕೆ ಉತ್ತರ ನೀರಿನ ಕ್ಷಾರತೆ, ಅಂದರೆ ಬೈಕಾರ್ಬೊನೇಟ್. ಪಿಎಚ್ ಬರೀ ಈ ಕ್ಷಣದ ಅಂಕಿ. ಆ ಅಂಕಿಯನ್ನು ಹಿಡಿದು ನಿಲ್ಲಿಸಿರುವ ಬಲ ಬೈಕಾರ್ಬೊನೇಟ್. ಎರಡು ಬಾವಿಯ ನೀರು 7.8 ಪಿಎಚ್ ತೋರಿಸಬಹುದು; ಒಂದಕ್ಕೆ ಎರಡು ಹನಿ ಆಮ್ಲ ಸಾಕು, ಇನ್ನೊಂದಕ್ಕೆ ಹತ್ತು ಪಟ್ಟು ಬೇಕು. ನಿಮ್ಮದು ಯಾವುದೆಂದು ತಿಳಿಯಲು ಲ್ಯಾಬ್ ಬೇಕಿಲ್ಲ, ಒಂದು ಬಕೆಟ್ ಸಾಕು.

85 ಶೇಕಡಾ ಫಾಸ್ಪರಿಕ್ ಆಸಿಡ್ ತನ್ನಿ, ಆಹಾರ ದರ್ಜೆಯದ್ದೇ ಇರಲಿ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ. 90 ಮಿ.ಲೀ. ನೀರಿಗೆ 10 ಮಿ.ಲೀ. ಆಸಿಡ್ ಸೇರಿಸಿ. ಯಾವಾಗಲೂ ನೀರಿಗೆ ಆಸಿಡ್, ಆಸಿಡ್ಡಿಗೆ ನೀರು ಎಂದೂ ಸುರಿಯಬಾರದು. ಬಕೆಟ್ಟಿಗೆ ಅಳೆದು 10 ಲೀಟರ್ ಖಾಲಿ ನೀರು ಹಾಕಿ. ಸೂಜಿಯಿಲ್ಲದ ಸಿರಿಂಜಿನಲ್ಲಿ ಈ ತೆಳು ಆಸಿಡ್ಡನ್ನು ಒಂದೊಂದೇ ಮಿ.ಲೀ. ಹಾಕಿ, ಕಲಕಿ, ಅಳೆಯಿರಿ. ಮೊದಲ ಕೆಲವು ಮಿ.ಲೀ.ಗೆ ಪಿಎಚ್ ಬೇಗ ಇಳಿದು, 6.8ರ ಹತ್ತಿರ ಬಂದು ಮೊಂಡು ಹಿಡಿದಂತೆ ನಿಧಾನವಾಗುತ್ತದೆ. ಆಗ ಬೈಕಾರ್ಬೊನೇಟ್ ಆಮ್ಲವನ್ನು ನುಂಗುತ್ತಿರುತ್ತದೆ. 5.8 ಬರುವ ತನಕ ಎಷ್ಟು ಮಿ.ಲೀ. ಆಯಿತೆಂದು ಬರೆದುಕೊಳ್ಳಿ. ಬಕೆಟ್ಟನ್ನು ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಇನ್ನೊಮ್ಮೆ ಅಳೆಯಿರಿ. ಕರಗಿದ್ದ ಕಾರ್ಬನ್ ಡೈ ಆಕ್ಸೈಡ್ ಹಾರಿಹೋಗಿ ಅಂಕಿ ಮತ್ತೆ ಮೇಲೇರಿರುತ್ತದೆ. ಏರಿದ್ದಷ್ಟಕ್ಕೆ ಇನ್ನೊಂದಿಷ್ಟು ಹಾಕಿ ಒಟ್ಟು ಲೆಕ್ಕ ಹಿಡಿಯಿರಿ.

ಈ ಲೆಕ್ಕದಲ್ಲಿ ಸುಮಾರು 7 ಮಿ.ಲೀ. ತೆಳು ಆಸಿಡ್ ಅಂದರೆ, ಲ್ಯಾಬ್ ವರದಿಯ ಕ್ಷಾರತೆಯಲ್ಲಿ ಲೀಟರಿಗೆ 50 ಮಿಲಿಗ್ರಾಂ ಅಳಿದಂತೆ. 10 ಮಿ.ಲೀ. ಒಳಗೆ ಮುಗಿದರೆ ನಿಮ್ಮದು ಒಳ್ಳೆಯ ನೀರು, ಫಾಸ್ಪರಿಕ್ ಆಸಿಡ್ ಒಂದರಲ್ಲೇ ನಡೆಸಬಹುದು. 20 ಮಿ.ಲೀ. ದಾಟಿದರೆ ತೊಂದರೆ ಇದೆ: ಪ್ರತಿ 7 ಮಿ.ಲೀ.ಗೆ ಲೀಟರಿಗೆ 31 ಮಿಲಿಗ್ರಾಂ ರಂಜಕವೂ ಸೇರುತ್ತದೆ, ಸೊಪ್ಪಿಗೆ ಬೇಕಾದದ್ದು 30ರಿಂದ 50 ಮಾತ್ರ. ಹೆಚ್ಚಾದ ರಂಜಕ ಕಬ್ಬಿಣವನ್ನೂ ಸತುವನ್ನೂ ಹಿಡಿದು ಕೂರುತ್ತದೆ. ಪಿಎಚ್ ಸರಿಮಾಡಲು ಹೋಗಿ ಅದೇ ಹಳದಿಯನ್ನು ಬೇರೆ ಬಾಗಿಲಿಂದ ಕರೆತಂದಂತೆ. 35, 40 ಮಿ.ಲೀ. ಬೇಡುವ ನೀರೂ ನಮ್ಮ ಕಡೆ ಉಂಟು.

ಅಂಥ ನೀರಿಗೆ ಸರಿಯಾದ ದಾರಿ ಮೆದು ನೀರು ಬೆರೆಸುವುದು. ಮಳೆನೀರು ಎಲ್ಲಕ್ಕಿಂತ ಒಳ್ಳೆಯದು. ಮೊದಲ ಮಳೆಯ ಕೊಳೆ ಹರಿದುಹೋದ ಮೇಲೆ ಹಿಡಿದಿಡಿ. ಅರ್ಧಕ್ಕರ್ಧ ಬೆರೆಸಿದರೆ ಕ್ಷಾರತೆಯೂ ಅರ್ಧಕ್ಕೆ ಇಳಿಯುತ್ತದೆ. ಆರ್‌ಓ ನೀರಿಗೂ ಇದೇ ಲೆಕ್ಕ. ಆದರೆ ಆರ್‌ಓ ಹೊರಚೆಲ್ಲುವ ನೀರನ್ನು ಉಳಿಸುವ ಆಸೆಯಿಂದ ಟ್ಯಾಂಕಿಗೆ ಬಿಡಬೇಡಿ, ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಅಪಾರ್ಟ್‌ಮೆಂಟುಗಳ ಸಾಫ್ಟ್‌ನರ್ ನೀರು ಅದಕ್ಕಿಂತ ಮೋಸದ್ದು. ಬಕೆಟ್ಟಿನಲ್ಲಿ ಸೋಪು ಚೆನ್ನಾಗಿ ನೊರೆಯೇಳುತ್ತದೆ, ಹಾಗಾಗಿ ಮೆದು ಎಂದು ನಂಬುತ್ತೇವೆ. ಸಾಫ್ಟ್‌ನರ್ ಮಾಡುವುದು ಕ್ಯಾಲ್ಸಿಯಂ ಮೆಗ್ನೀಷಿಯಂ ತೆಗೆದು ಸೋಡಿಯಂ ತುಂಬುವ ಕೆಲಸ. ಬೈಕಾರ್ಬೊನೇಟ್ ಹಾಗೆಯೇ ಉಳಿಯುತ್ತದೆ, ಗಿಡಕ್ಕೆ ಬೇಕಾದ ಎರಡು ಹೋಗಿ ಬೇಡದ್ದು ಬರುತ್ತದೆ. ಸಾಫ್ಟ್‌ನರಿಗಿಂತ ಮೊದಲಿನ ನಲ್ಲಿ ಹುಡುಕಿ. ಕಾವೇರಿ ನೀರು ಬರುವ ಮನೆಗಳಿಗೆ ಈ ಗೋಳು ಬಹಳ ಕಡಿಮೆ. ಆದರೆ ಸಂಪಿನಲ್ಲಿ ಟ್ಯಾಂಕರ್ ನೀರು ಬೆರೆತ ದಿನ ಎಲ್ಲ ಲೆಕ್ಕ ತಪ್ಪುತ್ತದೆ, ಆ ದಿನ ಹೊಸದಾಗಿ ಅಳೆಯಿರಿ.

ನಿಂಬೆರಸ, ವಿನೆಗರ್, ಸಿಟ್ರಿಕ್ ಆಸಿಡ್ ಹಾಕಿದರೆ ಸಂಜೆಗೆ 5.8, ಎರಡು ದಿನಕ್ಕೆ ಮತ್ತೆ 7. ನೀರಿನ ಸೂಕ್ಷ್ಮಜೀವಿಗಳು ಅವನ್ನು ತಿಂದು ಮುಗಿಸುತ್ತವೆ, ಮೇಲೆ ಲೋಳೆಯೂ ಕಟ್ಟುತ್ತದೆ. ಬ್ಯಾಟರಿ ಆಸಿಡ್ ಬಗ್ಗೆ ಯೋಚಿಸಲೂ ಬೇಡಿ, ತಿನ್ನುವ ಸೊಪ್ಪು ಇದು. ದೊಡ್ಡ ಫಾರ್ಮಿನವರು ನೈಟ್ರಿಕ್ ಆಸಿಡ್ ಬಳಸುತ್ತಾರೆ, ಅದರಿಂದ ರಂಜಕದ ಬದಲು ಸಾರಜನಕ ಸೇರುತ್ತದೆ. ಅದರ ಹೊಗೆ ಶ್ವಾಸಕೋಶ ಸುಡುವಂಥದ್ದು, ಮನೆಯ ತಾರಸಿಗೆ ತರಬೇಡಿ.

ನೀರು ಸರಿಯಿದ್ದೂ ಪಿಎಚ್ ಏರುತ್ತಲೇ ಇದ್ದರೆ ಸುತ್ತಲಿನ ಸಾಮಾನು ನೋಡಿ. ಹೊಸ ಸಿಮೆಂಟ್ ತೊಟ್ಟಿ ತಿಂಗಳುಗಟ್ಟಲೆ ಸುಣ್ಣ ಬಿಡುತ್ತದೆ. ಕುಂಡಕ್ಕೆ ಹಾಕಿದ ಜಲ್ಲಿಯಲ್ಲಿ ಸುಣ್ಣಕಲ್ಲು ಇರಬಹುದು. ನಾಲ್ಕು ಕಲ್ಲು ಆರಿಸಿ ತೆಳು ಆಸಿಡ್ ಹನಿಸಿ, ಸುಣ್ಣಕಲ್ಲಾದರೆ ಗುಳ್ಳೆ ಏಳುತ್ತದೆ. ರಾಕ್‌ವೂಲ್ (ಬೀಜ ಮೊಳೆಸಲು ಬಳಸುವ ಕಲ್ಲಿನ ನಾರಿನ ತುಂಡು) ತಾನಾಗಿಯೇ ಕ್ಷಾರ, ಬೀಜ ಹಾಕುವ ಮುನ್ನ 5.5ರ ನೀರಿನಲ್ಲಿ ಒಂದು ರಾತ್ರಿ ನೆನೆಸಿ. ತೆಂಗಿನ ನಾರಿನ ಪುಡಿಯ ತಕರಾರು ಬೇರೆ. ಅದು ಕ್ಯಾಲ್ಸಿಯಂ ಮೆಗ್ನೀಷಿಯಂ ಹಿಡಿದಿಟ್ಟು ಪೊಟ್ಯಾಷ್ ಸೋಡಿಯಂ ಬಿಟ್ಟುಕೊಡುತ್ತದೆ. ಹಿಂಡಿದ ನೀರಿನ ಇಸಿ 0.5ಕ್ಕೆ ಇಳಿಯುವ ತನಕ ತೊಳೆದು, ಲೀಟರಿಗೆ 5 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ದಿನ ನೆನೆಸಿ, ಮತ್ತೆ ತೊಳೆದು ಬಳಸಿ. ಇದನ್ನು ಬಿಟ್ಟವರ ಗಿಡದಲ್ಲಿ ಮೊದಲ ಮೂರು ವಾರ ಮೆಗ್ನೀಷಿಯಂ ಹಳದಿ ಕಂಡೇ ಕಾಣುತ್ತದೆ.

ಗೊಬ್ಬರ ಬೆರೆಸುವ ಲೆಕ್ಕ

ಮಣ್ಣಿಗೆ ಹಾಕುವ 19:19:19 ಇಲ್ಲಿ ನಡೆಯದು. ಅದರ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಯೂರಿಯಾ, ನೀರಿನಲ್ಲಿ ಬೇರಿಗೆ ಅದು ಸರಿಯಾಗಿ ದಕ್ಕುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಷಿಯಂ ಅದರಲ್ಲಿ ಇಲ್ಲವೇ ಇಲ್ಲ. ಹನಿ ನೀರಾವರಿಯ ಗೊಬ್ಬರದ ಅಂಗಡಿಯಲ್ಲಿ ಸಿಗುವ ಸಾಮಾನಿನಿಂದಲೇ ಸೊಪ್ಪಿಗೆ 100 ಲೀಟರ್ ದ್ರಾವಣ ಹೀಗೆ ಮಾಡಬಹುದು:

ಕ್ಯಾಲ್ಸಿಯಂ ನೈಟ್ರೇಟ್ 80 ಗ್ರಾಂ
ಪೊಟ್ಯಾಸಿಯಂ ನೈಟ್ರೇಟ್ (13-0-45) 40 ಗ್ರಾಂ
ಮೊನೊ ಪೊಟ್ಯಾಸಿಯಂ ಫಾಸ್ಫೇಟ್ (0-52-34) 20 ಗ್ರಾಂ
ಮೆಗ್ನೀಷಿಯಂ ಸಲ್ಫೇಟ್ 40 ಗ್ರಾಂ
ಕಬ್ಬಿಣದ ಚೀಲೇಟ್ 2 ಗ್ರಾಂ
ಲಘು ಪೋಷಕಾಂಶದ ಮಿಶ್ರಣ, ಪ್ಯಾಕೆಟ್ಟಿನ ಮೇಲಿನ ಹೈಡ್ರೋಪೋನಿಕ್ ಪ್ರಮಾಣದಂತೆ

ಮೆದು ನೀರಿನಲ್ಲಿ ಇದರ ಇಸಿ 1.6, 1.7ರ ಹತ್ತಿರ ಬರುತ್ತದೆ. ಸಸಿಗಳಿಗೆ ಅರ್ಧ ಬಲ ಸಾಕು. ಬಕೆಟ್ ಪರೀಕ್ಷೆಯಲ್ಲಿ 10 ಮಿ.ಲೀ. ತೆಳು ಆಸಿಡ್ ಬೇಕಾದ ನೀರಾದರೆ 100 ಲೀಟರಿಗೆ ಗಟ್ಟಿ ಆಸಿಡ್ 10 ಮಿ.ಲೀ. ಆಗುತ್ತದೆ. ಬೇಕಾದ ರಂಜಕ ಅಷ್ಟೂ ಅದರಿಂದಲೇ ಬಂತು. ಆಗ 0-52-34 ಕೈಬಿಟ್ಟು, ಅದರ ಪೊಟ್ಯಾಷ್ ಬದಲಿಗೆ 13 ಗ್ರಾಂ ಪೊಟ್ಯಾಸಿಯಂ ಸಲ್ಫೇಟ್ (0-0-50) ಹಾಕಿ.

ಟ್ಯಾಂಕಿಗೆ ಮೊದಲು ನೀರು, ಆಮೇಲೆ ಆಸಿಡ್, ಆಮೇಲೆ ಒಂದೊಂದನ್ನೇ ಬೇರೆ ಬೇರೆ ಜಗ್ಗಿನಲ್ಲಿ ಕರಗಿಸಿಕೊಂಡು ಹಾಕಬೇಕು. ಕ್ಯಾಲ್ಸಿಯಂ ನೈಟ್ರೇಟ್ ಕೊನೆಗೆ. ಗಟ್ಟಿ ದ್ರಾವಣ ಮಾಡಿಟ್ಟುಕೊಳ್ಳುವವರು ಕ್ಯಾಲ್ಸಿಯಂ ನೈಟ್ರೇಟ್ ಮತ್ತು ಕಬ್ಬಿಣವನ್ನು ‘ಎ’ ಬಾಟಲಿಗೆ, ಸಲ್ಫೇಟ್ ಫಾಸ್ಫೇಟ್ ಎಲ್ಲವನ್ನೂ ‘ಬಿ’ ಬಾಟಲಿಗೆ ಹಾಕಿ. ಗಟ್ಟಿಯಾಗಿರುವಾಗ ಎರಡೂ ಸೇರಿದರೆ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಕ್ಯಾಲ್ಸಿಯಂ ಜಿಪ್ಸಂ ಆಗಿಯೋ ಫಾಸ್ಫೇಟ್ ಆಗಿಯೋ ಹೋಯಿತೆಂದು ಅರ್ಥ, ಮತ್ತೆ ಕರಗದು.

ಕಬ್ಬಿಣ ಕೊಳ್ಳುವಾಗ ಪ್ಯಾಕೆಟ್ ಓದಿ. ಇಡಿಟಿಎ ಬಗೆಯದ್ದು ಪಿಎಚ್ ಆರೂಕಾಲು, ಆರೂವರೆ ದಾಟಿದರೆ ಕೈಕೊಡುತ್ತದೆ. ಡಿಟಿಪಿಎ ಏಳರ ತನಕ ತಾಳುತ್ತದೆ. ಇಡಿಡಿಎಚ್‌ಎ ಒಂಬತ್ತಕ್ಕೂ ಜಗ್ಗುವುದಿಲ್ಲ, ನೀರು ಕೆಂಪಾಗುತ್ತದೆ, ಬೆಲೆ ಹೆಚ್ಚು. ಗಡಸು ನೀರಿನವರು ಡಿಟಿಪಿಎಯನ್ನೇ ತನ್ನಿ, ಬೆಲೆಯ ವ್ಯತ್ಯಾಸ ಒಂದು ಬೆಳೆ ಉಳಿದರೆ ಬಂದುಬಿಡುತ್ತದೆ. ಬಿಸಿಲು ಬಿದ್ದರೆ ಈ ಚೀಲೇಟುಗಳು ಒಡೆಯುತ್ತವೆ. ಬಾಟಲಿ ಕತ್ತಲಲ್ಲಿರಲಿ, ಟ್ಯಾಂಕಿಗೆ ಮುಚ್ಚಳ ಇರಲಿ.

ದಿನದ ಓದು

ದಿನಾ ಒಂದೇ ಹೊತ್ತಿಗೆ, ಬೆಳಿಗ್ಗೆ ಆದರೆ ಒಳ್ಳೆಯದು, ಪಿಎಚ್ ಮತ್ತು ಇಸಿ ಎರಡನ್ನೂ ಒಟ್ಟಿಗೆ ಓದಿ. ಪಾಚಿ ಕಟ್ಟಿದ ಟ್ಯಾಂಕಿನಲ್ಲಿ ಹಗಲಿಗೆ ಏರಿ ರಾತ್ರಿಗೆ ಇಳಿಯುವುದರಿಂದ ಹೊತ್ತು ಬದಲಾದರೆ ಅಂಕಿ ಹೋಲಿಸಲಾಗದು.

ಇಸಿ ಮೆಲ್ಲಗೆ ಇಳಿದು ಪಿಎಚ್ ದಿನಕ್ಕೆ 0.1, 0.2 ಏರುತ್ತಿದ್ದರೆ ಗಿಡ ಚೆನ್ನಾಗಿ ಉಣ್ಣುತ್ತಿದೆ. ನೈಟ್ರೇಟ್ ಒಳಗೆ ಎಳೆದುಕೊಂಡಾಗ ಬೇರು ಕ್ಷಾರ ಹೊರಬಿಡುವುದು ಸಹಜ. 5.6ರಲ್ಲಿ ಇಟ್ಟು 6.3ರ ತನಕ ತಾನಾಗಿ ಏರಲು ಬಿಡಿ. ಆ ಹಾದಿಯಲ್ಲಿ ಒಂದೊಂದು ಪೋಷಕಾಂಶಕ್ಕೂ ಅನುಕೂಲದ ಜಾಗ ಸಿಗುತ್ತದೆ. 6.4 ದಾಟಿದ ಮೇಲೆ ಇಳಿಸಿ. ದಿನಕ್ಕೆ ಮೂರು ಸಲ 5.8ಕ್ಕೇ ತಂದು ನಿಲ್ಲಿಸುವ ಚಡಪಡಿಕೆಯಿಂದ ಬೇರಿಗೆ ತೊಂದರೆಯೇ ಹೆಚ್ಚು. ಒಂದು ಸಲಕ್ಕೆ 0.5ಕ್ಕಿಂತ ಹೆಚ್ಚು ಸರಿಸಬೇಡಿ, ಆಸಿಡ್ಡನ್ನು ಒಂದು ಮಗ್ ನೀರಿನಲ್ಲಿ ಬೆರೆಸಿ ಪಂಪು ನಡೆಯುತ್ತಿರುವಾಗ ಬೇರಿನಿಂದ ದೂರದಲ್ಲಿ ಸುರಿಯಿರಿ.

ನೀರಿನ ಮಟ್ಟ ಇಳಿದು ಇಸಿ ಏರಿದರೆ ಗಿಡ ಬಿಸಿಲಿಗೆ ನೀರನ್ನಷ್ಟೇ ಕುಡಿಯುತ್ತಿದೆ. ಪಿಎಚ್ ಹೊಂದಿಸಿದ ಬರೀ ನೀರು ತುಂಬಿ. ಗೊಬ್ಬರ ಹಾಕದೆಯೂ ಪಿಎಚ್ ದಿನಾ ಇಳಿಯುತ್ತಿದ್ದು ಗಿಡ ಮಂಕಾಗಿದ್ದರೆ ಬೇರು ಕೊಳೆಯುತ್ತಿರಬಹುದು, ಮತ್ತೆ ನೆಟ್ ಪಾಟ್ ಎತ್ತಿ ನೋಡಿ. ಅಮೋನಿಯಂ ಹೆಚ್ಚಿರುವ ಗೊಬ್ಬರವೂ ಪಿಎಚ್ ಇಳಿಸುತ್ತದೆ, ಒಟ್ಟು ಸಾರಜನಕದಲ್ಲಿ ಅದು ಹತ್ತನೇ ಒಂದು ಭಾಗ ಮೀರದಿರಲಿ. 5.0ಕ್ಕಿಂತ ಕೆಳಗೆ ಹೋದರೆ ಕ್ಯಾಲ್ಸಿಯಂ ಮೆಗ್ನೀಷಿಯಂ ಹೀರುವುದು ಕುಗ್ಗಿ, ಬೇರಿನ ತುದಿ ಮೊಂಡಾಗುತ್ತದೆ. ಏರಿಸಲು ಪೊಟ್ಯಾಸಿಯಂ ಬೈಕಾರ್ಬೊನೇಟ್, 100 ಲೀಟರಿಗೆ ಎರಡೆರಡು ಗ್ರಾಂ ಹಾಕುತ್ತಾ ಅಳೆಯಿರಿ. ಅಡುಗೆ ಸೋಡ ಸೋಡಿಯಂ, ಅದನ್ನು ಡಬ್ಬಿಯಲ್ಲೇ ಬಿಡಿ.

ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಗಿಡಕ್ಕೆ ಬೇಡದ ಸೋಡಿಯಂ, ಕ್ಲೋರೈಡ್ ಟ್ಯಾಂಕಿನಲ್ಲಿ ಸೇರುತ್ತಾ ಹೋಗುತ್ತದೆ. ಎರಡು ವಾರಕ್ಕೊಮ್ಮೆ, ಅಥವಾ ತುಂಬಿಸಿದ ನೀರು ಟ್ಯಾಂಕಿನಷ್ಟೇ ಆದಾಗ, ಪೂರ್ತಿ ಬದಲಿಸಿ.

ಸರಿಮಾಡಿದ ಮೇಲೆ ಹಳದಿಯಾದ ಹಳೆ ಎಲೆಗಳನ್ನು ನೋಡುತ್ತಾ ಕೂರಬೇಡಿ, ಅವು ಮತ್ತೆ ಹಸಿರಾಗುವುದು ಅಪರೂಪ. ಕಂದಾದ ಅಂಚಂತೂ ಹಾಗೇ ಇರುತ್ತದೆ. ಸುಳಿಯಲ್ಲಿ ಆಮೇಲೆ ಬಂದ ಎರಡು ಎಲೆಯೇ ನಿಮ್ಮ ಫಲಿತಾಂಶ. ಕಬ್ಬಿಣದ ಕೊರತೆಯಾಗಿದ್ದರೆ ಐದರಿಂದ ಏಳು ದಿನದಲ್ಲಿ ಹೊಸ ಎಲೆ ಹಸಿರಾಗಿ ಬರುತ್ತದೆ. ಆ ವಾರ ಬೇರೆ ಏನನ್ನೂ ಬದಲಿಸಬೇಡಿ, ಎರಡು ಮದ್ದು ಒಟ್ಟಿಗೆ ಕೊಟ್ಟರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ. ಬುಡದ ಸತ್ತ ಎಲೆಗಳನ್ನು ಕತ್ತರಿಯಿಂದ ತೆಗೆಯಿರಿ, ನೀರಿಗೆ ಬಿದ್ದು ಕೊಳೆಯದಿರಲಿ. ಬದಲಿಸಿದ ಹಳೆ ದ್ರಾವಣವನ್ನು ಚರಂಡಿಗೆ ಚೆಲ್ಲದೆ, ಸಮ ನೀರು ಬೆರೆಸಿ ಮಣ್ಣಿನ ಕುಂಡಕ್ಕೋ ಬಾಳೆ, ನುಗ್ಗೆಯ ಬುಡಕ್ಕೋ ಹಾಕಿ. ಒಂದೇ ಗಿಡಕ್ಕೆ ಪ್ರತಿಸಲ ಹಾಕದೆ ಸರದಿಯಲ್ಲಿ ಹಂಚಿ.